‘ಇವನು ಉಣ್ಣೋದೇ ಇಲ್ಲ ಮೇಡಂ’: ಸಿ.ಪಿ. ಇರುವ ಒಬ್ಬ ಹುಡುಗನ ಊಟದ ಪ್ರಕರಣ

ಇದು ತಿಪಟೂರು ಕಡೆಯ ಒಂದು ಹಳ್ಳಿಯ ಹುಡುಗನ ಊಟದ ವಿಷಯ. ನಾನು ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಶಿಕ್ಷಕಿ. ನನ್ನ ಮಗಳಿಗೂ ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮೆದುಳಿಗೆ ಆದ ಪೆಟ್ಟಿನಿಂದ ಸ್ನಾಯುಗಳ ಹಿಡಿತ ತಪ್ಪುವ ತೊಂದರೆ) ಇದೆ, ಅವಳಿಗೀಗ 19. ಹಾಗಾಗಿ ಇಲ್ಲಿರುವುದು ಬರೀ ಶಿಕ್ಷಕಿಯ ಟಿಪ್ಪಣಿ ಅಲ್ಲ. ಬರೆದದ್ದನ್ನು ಆ ಮನೆಯವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಹಾಕುತ್ತಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯುತ್ತೇನೆ. ಅದು ಅವನ ನಿಜವಾದ ಹೆಸರಲ್ಲ.

ಸಿ.ಪಿ. ಮಕ್ಕಳ ತಾಯಂದಿರು ಎಲ್ಲೇ ಸೇರಲಿ, ಮಾತು ಶುರುವಾಗುವುದು ನಡೆಯೋದು ಯಾವಾಗ, ಮಾತು ಬರೋದು ಯಾವಾಗ ಅಂತ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬರು ಮೆಲ್ಲಗೆ, ‘ನಿಮ್ಮ ಮಗು ಊಟ ಹೇಗೆ ಮಾಡತ್ತೆ?’ ಅಂತ ಕೇಳುತ್ತಾರೆ. ಆಮೇಲೆ ಎದ್ದು ಹೋಗುವವರೆಗೂ ಅದೇ ಮಾತು. ದಿನಕ್ಕೆ ಮೂರು ಸಲ, ವರ್ಷವಿಡೀ ನಡೆಯುವ ಕೆಲಸ ಅಲ್ವಾ ಅದು.

ಮೊದಲ ದಿನ ಕಂಡದ್ದು

ಪುಟ್ಟನಿಗೆ ಆಗ 6 ವರ್ಷ. ತೂಕ 11 ಕೆಜಿ. ಆ ವಯಸ್ಸಿನ ಹುಡುಗರು ಸಾಮಾನ್ಯವಾಗಿ 20 ಕೆಜಿ ಹತ್ತಿರ ಇರುತ್ತಾರೆ. ಹುಟ್ಟಿದ ತಕ್ಷಣ ಅಳಲಿಲ್ಲ, ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಅಂತ ಅಮ್ಮ ಹೇಳಿದರು. ಎಂಟನೇ ತಿಂಗಳಿಗೆ ಫಿಟ್ಸ್ ಶುರುವಾಯಿತು. ಕತ್ತು ಇನ್ನೂ ಪೂರ್ತಿ ನಿಂತಿಲ್ಲ. ಕೈಕಾಲು ನಾಲ್ಕೂ ಬಿಗಿ. ಮಾತಿಲ್ಲ. ಆದರೆ ಅಪ್ಪನ ಗಾಡಿ ಸದ್ದು ಬೀದಿ ತುದಿಯಲ್ಲಿ ಕೇಳಿದರೆ ಸಾಕು, ಮುಖ ಅರಳುತ್ತದೆ, ಎರಡೂ ಕಾಲು ಜಾಡಿಸುತ್ತಾನೆ. ಅಪ್ಪನ ಕೆಲಸ ಕೊಬ್ಬರಿ ಮಂಡಿಯಲ್ಲಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನಿಮಗೆ ಗೊತ್ತಿರಬಹುದು, ಹರಾಜಿನ ದಿನ ಬೆಳಗ್ಗೆ ಹೋದವರು ರಾತ್ರಿಯೇ ಬರುವುದು. ಮನೆಯಲ್ಲಿ ಅಮ್ಮ, ಅಜ್ಜಿ, 9 ವರ್ಷದ ಅಕ್ಕ.

ನಾನು ಗೆಜ್ಜೆ, ಬಣ್ಣದ ಚೆಂಡು, ದೊಡ್ಡ ಚಿತ್ರಗಳು ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಮ್ಮ ಬಾಗಿಲಲ್ಲೇ ಹೇಳಿದರು, “ಮೇಡಂ, ಪಾಠ ಆಮೇಲೆ ಆಗ್ಲಿ. ಇವನು ಉಣ್ಣೋದೇ ಇಲ್ಲ ಮೇಡಂ. ಬಾಯಿ ಬಿಗಿ ಹಿಡಿತಾನೆ. ಹಠ.”

ಊಟದ ಹೊತ್ತೇ ಆಗಿತ್ತು. “ನೀವು ದಿನಾ ಹೇಗೆ ತಿನ್ನಿಸ್ತೀರೋ ಹಾಗೇ ತಿನ್ನಿಸಿ, ನಾನು ಸುಮ್ನೆ ನೋಡ್ತೀನಿ” ಅಂದೆ.

ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ ಕೂತರು. ಎಳೆಗೂಸಿಗೆ ನೀರು ಹಾಕುವಾಗ ಮಲಗಿಸಿಕೊಳ್ಳುತ್ತಾರಲ್ಲ, ಹಾಗೆಯೇ ಪುಟ್ಟನನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡರು. ಒಂದು ಬಟ್ಟಲಲ್ಲಿ ತೆಳ್ಳಗಿನ ಗಂಜಿ, ಅದರಲ್ಲಿ ಅಲ್ಲಲ್ಲಿ ಅನ್ನದ ಅಗುಳು. ಇನ್ನೊಂದು ಕೈಯಲ್ಲಿ ಒಳಲೆ. ಹಳೇ ಬೆಳ್ಳಿ ಒಳಲೆ, ಮೂತಿ ಸವೆದು ತೆಳುವಾಗಿತ್ತು. ಅವರ ಮಗನಿಗೆ, ಅಂದರೆ ಪುಟ್ಟನ ಅಪ್ಪನಿಗೆ ಹಾಲು ಕುಡಿಸಿದ ಒಳಲೆ ಅದು. ಅಜ್ಜಿ ಅವನ ಗಲ್ಲ ಒತ್ತಿ ಬಾಯಿ ಬಿಡಿಸಿ, ಒಳಲೆಯ ಮೂತಿಯನ್ನು ನಾಲಿಗೆಯ ಹಿಂದಕ್ಕೆ ಇಟ್ಟು ಸುರಿದರು. ಹುಡುಗ ಬಿಲ್ಲಿನಂತೆ ಸೆಟೆದುಕೊಂಡ. ತಲೆ ಇನ್ನೂ ಹಿಂದಕ್ಕೆ ಹೋಯಿತು. ಅರ್ಧ ಗಂಜಿ ಕೆನ್ನೆಯ ಮೇಲೆ ಇಳಿಯಿತು, ಅರ್ಧ ಒಳಗೆ ಹೋಯಿತು. ಕೆಮ್ಮು. ಕಣ್ಣಲ್ಲಿ ನೀರು. ಅಜ್ಜಿ ಸೆರಗಲ್ಲಿ ಒರೆಸಿ, “ನನ್ನಪ್ಪ ಅಲ್ವಾ, ಇನ್ನೊಂದೇ ಒಂದು ಗುಟುಕು” ಅಂತ ಮತ್ತೆ ಸುರಿದರು.

ಒಂದು ಗಂಟೆ ಇಪ್ಪತ್ತೈದು ನಿಮಿಷ ಆಯಿತು. ಬಟ್ಟಲಿನ ಮೂರನೇ ಒಂದು ಭಾಗ ಹೋಗಿತ್ತು. ಕೆಮ್ಮನ್ನು ನಾನು ಎಣಿಸಿದೆ, 14 ಸಲ. ಊಟ ಮುಗಿದ ಮೇಲೆ ಅವನು ಉಸಿರಾಡುವಾಗ ಗಂಟಲಲ್ಲಿ ಗೊರ ಗೊರ ಅನ್ನುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನನ್ನ ಮಗಳಿಗೆ ಮೂರು ವರ್ಷ ಇದ್ದಾಗ ನಮ್ಮ ಮನೆಯಲ್ಲೂ ದಿನಾ ಕೇಳುತ್ತಿತ್ತು, ಅದು ಕಫ ಅಂತಲೇ ನಾವು ಅಂದುಕೊಂಡಿದ್ದೆವು.

ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಇಟ್ಟರು. ಹಿಂದಿನ ಒಂದು ವರ್ಷದಲ್ಲಿ ನಾಲ್ಕು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿಸಿದ ಕಾಗದಗಳು. ನಾಲ್ಕರಲ್ಲೂ ಎಕ್ಸ್‌ರೇ, ಆಂಟಿಬಯೋಟಿಕ್, ಡಿಸ್ಚಾರ್ಜ್. ‘ಮಗು ಹೇಗೆ ಊಟ ಮಾಡುತ್ತದೆ’ ಅನ್ನುವ ಒಂದು ಸಾಲೂ ನಾಲ್ಕು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಒಂದು ಆಸ್ಪತ್ರೆಯಲ್ಲಿ, “ಇಂಥ ಮಕ್ಕಳಿಗೆ ಇದೆಲ್ಲ ಮಾಮೂಲು” ಅಂದರಂತೆ. ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಾಲ್ಕು ಸಲ ಒಂದೇ ಕಾಯಿಲೆ ಬಂದರೆ ಐದನೇ ಸಲಕ್ಕಾದರೂ ಅದು ಎಲ್ಲಿಂದ ಬರುತ್ತಿದೆ ಅಂತ ಯಾರಾದರೂ ಕೇಳಬೇಡವೇ?

ತೊಂದರೆ ಬಾಯಲ್ಲಿ ಇರಲಿಲ್ಲ

ಸಿ.ಪಿ. ಅಂದರೆ ಮಗುವಿನ ಮೆದುಳು ಬೆಳೆಯುವ ಹೊತ್ತಿನಲ್ಲೇ ಆದ ಪೆಟ್ಟು. ಆ ಪೆಟ್ಟು ದಿನ ಕಳೆದಂತೆ ಜಾಸ್ತಿಯಾಗುವುದಿಲ್ಲ, ಆದರೆ ಸ್ನಾಯುಗಳಿಗೆ ಹೋಗುವ ಆಜ್ಞೆಯೆಲ್ಲ ಏರುಪೇರಾಗಿರುತ್ತದೆ. ಕೈಕಾಲಿನ ಸ್ನಾಯುವಿಗೆ ಆದದ್ದೇ ನಾಲಿಗೆ, ತುಟಿ, ಗಂಟಲಿನ ಸ್ನಾಯುವಿಗೂ ಆಗಿರಬಹುದು. ಇದು ನಮಗೆ ಹೊಳೆಯುವುದೇ ಇಲ್ಲ. ಕಾಲು ಬಿಗಿ ಅಂದರೆ ಫಿಸಿಯೋಥೆರಪಿಗೆ ಓಡುತ್ತೇವೆ, ನಾಲಿಗೆ ಬಿಗಿ ಅಂದರೆ ಹಠ ಅನ್ನುತ್ತೇವೆ.

ಪುಟ್ಟನಂಥ ಮಕ್ಕಳಲ್ಲಿ ತಲೆ ಹಿಂದಕ್ಕೆ ಬಾಗಿದರೆ ಸಾಕು, ಇಡೀ ಮೈ ಅದರ ಜೊತೆ ಹೋಗುತ್ತದೆ. ಬೆನ್ನು ಸೆಟೆಯುತ್ತದೆ, ಸೊಂಟ ನೇರವಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ನಾಲಿಗೆ ಮುಂದಕ್ಕೆ ನುಗ್ಗಿ ತಿಂದದ್ದನ್ನು ಹೊರಗೆ ತಳ್ಳುತ್ತದೆ. ಜೊತೆಗೆ ಉಸಿರಿನ ಕೊಳವೆಯ ದಾರಿ ಅಗಲವಾಗಿ ತೆರೆದಿರುತ್ತದೆ. ಗಂಜಿ ಆ ದಾರಿಗೇ ಇಳಿಯುತ್ತದೆ. ಅದೇ ಮಗುವಿನ ಸೊಂಟ ಮಡಿಸಿ, ಮಂಡಿ ಮಡಿಸಿ, ಪಾದಕ್ಕೆ ಏನಾದರೂ ಆಧಾರ ಕೊಟ್ಟು, ತಲೆ ಒಂಚೂರು ಮುಂದಕ್ಕೆ ಬರುವ ಹಾಗೆ ಕೂರಿಸಿ ನೋಡಿ. ಬಿಗಿ ಸಡಿಲವಾಗುತ್ತದೆ. ತುಟಿ ಮುಚ್ಚಲು ಆಗುತ್ತದೆ. ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಇದು: ಊಟದ ತೊಂದರೆ ಅಂತ ಕರೆದರೆ ಮೊದಲು ಬಾಯಿ ನೋಡಬಾರದು, ಸೊಂಟ ನೋಡಬೇಕು.

ಇದನ್ನು ಅಮ್ಮನಿಗೆ ಹೇಳಿದರೆ ಅರ್ಥವಾಯಿತು. ಅಜ್ಜಿಗೆ ಹೇಳುವುದು ಕಷ್ಟವಿತ್ತು. ಆರು ವರ್ಷ ಆ ಹುಡುಗನನ್ನು ಬದುಕಿಸಿದ್ದು ಆ ಕೈ, ಆ ಒಳಲೆ. ನಿನ್ನೆ ಬಂದ ನಾನು ‘ಅದು ತಪ್ಪು’ ಅನ್ನುವುದು ಹೇಗೆ? ಅದಕ್ಕೆ ಬೇರೆ ಏನೂ ಹೇಳದೆ, “ಅಜ್ಜಿ, ಒಂದ್ಸಲ ಸೂರು ನೋಡ್ತಾ ಹಾಗೇ ಉಗುಳು ನುಂಗಿ” ಅಂದೆ. ಅವರು ತಲೆ ಎತ್ತಿ ಜಂತೆ ನೋಡುತ್ತಾ ಪ್ರಯತ್ನಪಟ್ಟರು. ಗಂಟಲು ಎರಡು ಸಲ ಮೇಲೆ ಕೆಳಗೆ ಆಯಿತು. ಆಮೇಲೆ ತಲೆ ಇಳಿಸಿ ನನ್ನನ್ನೇ ನೋಡಿದರು. “ಅಯ್ಯೋ ಶಿವನೇ” ಅಂದರು, ಅಷ್ಟೇ. ಪಕ್ಕದಲ್ಲಿ ಮಲಗಿದ್ದ ಮೊಮ್ಮಗನ ಗಲ್ಲ ಸವರುತ್ತಾ ಬಹಳ ಹೊತ್ತು ಮಾತಾಡಲಿಲ್ಲ. “ನೀವು ಮಾಡಿದ್ದಕ್ಕೇ ಇವನು ಇದ್ದಾನೆ ಅಜ್ಜಿ, ಇನ್ನು ಮುಂದೆ ಸ್ವಲ್ಪ ಬೇರೆ ಥರ ಮಾಡೋಣ” ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು.

ಕುರ್ಚಿ

ಮನೆಯಲ್ಲಿ ಒಂದು ಕುರ್ಚಿ ಇತ್ತು. ಯಾವುದೋ ಶಿಬಿರದಲ್ಲಿ ಕೊಟ್ಟದ್ದು, ಒಳ್ಳೆಯ ಗಟ್ಟಿ ಕುರ್ಚಿ. ಆದರೆ ಕೊಡುವಾಗ ಮಗುವಿನ ಅಳತೆ ಯಾರೂ ತೆಗೆದಿರಲಿಲ್ಲ. ಹತ್ತು ಹನ್ನೆರಡು ವರ್ಷದ ಮಗುವಿಗೆ ಆಗುವಂಥದ್ದು. ಪುಟ್ಟನನ್ನು ಕೂರಿಸಿದರೆ ಮುಳುಗಿಹೋಗುತ್ತಿದ್ದ, ಬೆಲ್ಟ್ ಹೊಟ್ಟೆಗೆ ಬಂದು ಒತ್ತುತ್ತಿತ್ತು. ಅದರ ಮೇಲೆ ಎರಡು ಚೀಲ ಕಾಯಿ ಇಟ್ಟಿದ್ದರು. ಅವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಮಗುವಿಗೆ ಆಗದ ಕುರ್ಚಿಯನ್ನು ಇನ್ನೇನು ಮಾಡಬೇಕು.

ಹೊಸದು ಮಾಡಿಸೋಣ ಅಂತ ಆಯಿತು. ಊರಿನ ಆಚಾರ್ರು ಬಂದರು. ನಾವು ತೆಗೆದದ್ದು ನಾಲ್ಕು ಅಳತೆ. ಕುಂಡಿಯ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗೆ, ಮಂಡಿಯಿಂದ ಹಿಮ್ಮಡಿವರೆಗೆ, ಸೊಂಟದ ಅಗಲ, ಕೂತ ಜಾಗದಿಂದ ಕಂಕುಳವರೆಗೆ. ಮಲಗಿಸಿ ಅಳೆದರೆ ತಪ್ಪಾಗುತ್ತದೆ, ಅಮ್ಮನ ತೊಡೆಯ ಮೇಲೆ ಸೊಂಟ ಮಂಡಿ ಮಡಿಸಿ ಕೂರಿಸಿಕೊಂಡೇ ಅಳೆಯಬೇಕು. ಅಷ್ಟು ಹೇಳಿಯೂ ಮೊದಲನೇ ಕುರ್ಚಿ ಕೆಟ್ಟಿತು. ಸೀಟು ಮೂರು ಬೆರಳಷ್ಟು ಉದ್ದವಾಗಿತ್ತು. ಸೀಟು ಉದ್ದವಾದರೆ ಮಗುವಿನ ಬೆನ್ನು ಒರಗುವುದಕ್ಕೆ ಸಿಗುವುದಿಲ್ಲ, ಸೊಂಟ ಮುಂದಕ್ಕೆ ಜಾರುತ್ತದೆ, ಜಾರಿದ ಕೂಡಲೇ ತಲೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಮೊದಲಿನ ಕಥೆಯೇ. ನಾನು ಅಳತೆ ಬರೆದುಕೊಟ್ಟು ಹೊರಟುಬಿಟ್ಟಿದ್ದೆ, ಕೊಯ್ಯುವಾಗ ಪಕ್ಕದಲ್ಲಿ ನಿಂತಿರಬೇಕಿತ್ತು. ಮಂಡಿಯ ಹಿಂದೆ ಎರಡು ಬೆರಳು ಹಿಡಿಸುವಷ್ಟು ಜಾಗ ಬಿಟ್ಟು ಸೀಟನ್ನು ಮತ್ತೆ ಕೊಯ್ಸಿದೆವು.

ಪ್ಲೈವುಡ್‌ನ ಕುರ್ಚಿ. ಸೀಟಿನ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಎತ್ತರ, ಸೊಂಟ ಹಿಂದೆಯೇ ಕೂತಿರಲಿ ಅಂತ. ಎರಡು ಮಂಡಿ ಒಂದಕ್ಕೊಂದು ಕತ್ತರಿಯಂತೆ ಸಿಕ್ಕಿಕೊಳ್ಳದ ಹಾಗೆ ನಡುವೆ ಒಂದು ದುಂಡಗಿನ ಗೂಟ, ಅದಕ್ಕೆ ಬಟ್ಟೆ ಸುತ್ತಿದ್ದು. ಪಾದ ನೇತಾಡದಂತೆ ಕೆಳಗೆ ಹಲಗೆ. ಬೆಲ್ಟ್ ಹೊಟ್ಟೆಗೆ ಅಲ್ಲ, ಸೊಂಟದ ಮಡಿಕೆಗೆ ಓರೆಯಾಗಿ. ಮುಂದೆ ಒಂದು ಹಲಗೆ, ಮೊಣಕೈ ಊರುವುದಕ್ಕೆ. ಮೆತ್ತೆ ಮತ್ತು ರೆಕ್ಸಿನ್ ಕೆಲಸವನ್ನು ತಿಪಟೂರಿನಲ್ಲಿ ಆಟೋ ಸೀಟು ಹೊಲಿಯುವವರೊಬ್ಬರು ಮಾಡಿಕೊಟ್ಟರು, ಕೂಲಿ ಬೇಡ ಅಂದರು. ಅಪ್ಪ ಒತ್ತಾಯ ಮಾಡಿ ಎರಡು ಡಜನ್ ಎಳನೀರು ಇಳಿಸಿ ಬಂದರು.

ಮೊದಲ ಸಲ ಕೂರಿಸಿದಾಗ ಪುಟ್ಟ ಹತ್ತು ನಿಮಿಷ ಅತ್ತ. ಆಮೇಲೆ ಅಕ್ಕ ಎದುರಿಗೆ ಬಂದು ಕೂತಳು. ಹುಟ್ಟಿದಾಗಿನಿಂದ ಅವನು ಜಾಸ್ತಿ ನೋಡಿದ್ದು ಸೂರನ್ನು. ಆ ದಿನ ಅಕ್ಕನ ಮುಖ ನೇರವಾಗಿ ಕಂಡಿತು. ಅವಳು ನಾಲಿಗೆ ಚಾಚಿದಳು, ಅವನು ನಕ್ಕ.

ಒಂದೇ ಸಲಕ್ಕೆ ಎಲ್ಲ ಬದಲಿಸಿದ್ದು

ಇಲ್ಲಿ ನಾವು ದೊಡ್ಡ ತಪ್ಪು ಮಾಡಿದೆವು. ಕುರ್ಚಿ ಬಂದ ಖುಷಿಗೆ ಅದೇ ದಿನ ಗಂಜಿ ನಿಲ್ಲಿಸಿ ಗಟ್ಟಿ ಊಟ ಕೊಟ್ಟೆವು, ಒಳಲೆ ನಿಲ್ಲಿಸಿ ಚಮಚ ತಂದೆವು, ಅಜ್ಜಿ ಬದಲು ಅಮ್ಮ ಕೂತರು. ಆರು ವರ್ಷದಿಂದ ಗೊತ್ತಿದ್ದ ಜಾಗ, ಗೊತ್ತಿದ್ದ ಕೈ, ಗೊತ್ತಿದ್ದ ರುಚಿ ಎಲ್ಲ ಒಂದೇ ಹೊತ್ತಿಗೆ ಹೋಯಿತು. ಎರಡು ದಿನ ಹುಡುಗ ಬಾಯಿಯೇ ಬಿಡಲಿಲ್ಲ. ಎರಡನೇ ದಿನ ರಾತ್ರಿ ಅಮ್ಮ ಫೋನ್ ಮಾಡಿ ಅಳುತ್ತಿದ್ದರು. ಊರಲ್ಲಿ ಆಗಲೇ ‘ಮಗೂನ ಉಪವಾಸ ಕೆಡವಿದ್ದಾರೆ’ ಅಂತ ಮಾತು ಎದ್ದಿತ್ತು. ಯಾರೋ ಬಂದು ದೃಷ್ಟಿ ತೆಗೆದು ಹೋಗಿದ್ದರು.

ಮಾರನೇ ದಿನ ಬೆಳಗ್ಗೆಯೇ ಹೋದೆ. ಊಟ ಹಳೇ ಗಂಜಿಯೇ, ಆದರೆ ಅಗುಳು ಸೋಸಿ, ಸ್ವಲ್ಪ ಮಂದ ಮಾಡಿ. ತಿನ್ನಿಸುವ ಕೈ ಅಜ್ಜಿಯದೇ. ಬದಲಾದದ್ದು ಕೂರುವ ರೀತಿ ಮಾತ್ರ. ಅಜ್ಜಿ ತಮ್ಮ ಹಾಡು ಹೇಳಿಕೊಂಡು ಎದುರಿಗೆ ಮಣೆ ಹಾಕಿ ಕೂತರು. ಒಂದು ವಾರ ಹಾಗೇ. ಮುಂದಿನ ವಾರ ಚಮಚ. ಅದರ ಮುಂದಿನ ವಾರ ಊಟದ ಹದ. ಒಂದು ಸಲಕ್ಕೆ ಒಂದೇ ಬದಲಾವಣೆ. ನನ್ನ ಮಗಳ ವಿಷಯದಲ್ಲಿ ಇದು ನನಗೆ ಗೊತ್ತಿತ್ತು, ಆದರೂ ಅವಸರ ಮಾಡಿದೆ. ಅದಕ್ಕೆ ಆ ತಾಯಿಯ ಹತ್ತಿರ ಕ್ಷಮೆ ಕೇಳಿದ್ದೇನೆ.

ಮಣೆ ಅಂದೆನಲ್ಲ, ಅದು ಸಣ್ಣ ವಿಷಯ ಅಲ್ಲ. ತಿನ್ನಿಸುವವರು ನಿಂತಿದ್ದರೆ ಅಥವಾ ಎತ್ತರದಲ್ಲಿ ಕೂತಿದ್ದರೆ ಮಗು ಅವರ ಮುಖ ನೋಡಲು ತಲೆ ಎತ್ತುತ್ತದೆ. ತಲೆ ಎತ್ತಿತು ಅಂದರೆ ಎಲ್ಲ ಕೆಟ್ಟಿತು. ನಮ್ಮ ಕಣ್ಣು ಮಗುವಿನ ಕಣ್ಣಿಗಿಂತ ಒಂದು ಬೆರಳು ಕೆಳಗೇ ಇರಲಿ.

ಚಮಚದ ವಿಷಯದಲ್ಲೂ ಇಷ್ಟೇ ಸೂಕ್ಷ್ಮ. ಪುಟ್ಟನ ಹಲ್ಲಿಗೆ ಚಮಚ ತಾಗಿದರೆ ದವಡೆ ಕಚ್ಚಿಕೊಂಡುಬಿಡುತ್ತಿತ್ತು, ಬಿಡಲು ಅವನಿಗೇ ಆಗುತ್ತಿರಲಿಲ್ಲ. ‘ಬಾಯಿ ಬಿಗಿ ಹಿಡಿತಾನೆ’ ಅಂತ ಅಮ್ಮ ಹೇಳುತ್ತಿದ್ದುದು ಇದನ್ನೇ. ಅವನ ಇಷ್ಟವನ್ನು ಕೇಳಿ ಆಗುವ ಕೆಲಸ ಅಲ್ಲ ಅದು. ಆಳವಿಲ್ಲದ ಚಪ್ಪಟೆ ಚಮಚ ತಗೊಂಡೆವು. ಅರ್ಧ ಚಮಚದಷ್ಟೇ ಊಟ. ಕೆಳಗಿನಿಂದ ತಂದು, ನಾಲಿಗೆಯ ನಡುಭಾಗಕ್ಕೆ ಮೆಲ್ಲಗೆ ಒತ್ತಿ, ಅಲ್ಲೇ ಕಾಯಬೇಕು. ತುಟಿ ತಾನಾಗಿ ಮುಚ್ಚುತ್ತದೆ. ಆಗ ಚಮಚವನ್ನು ನೇರ ಹೊರಗೆ ಎಳೆಯಬೇಕು. ಮೇಲಿನ ಹಲ್ಲಿಗೆ ಸವರಿ ಖಾಲಿ ಮಾಡುವ ಅಭ್ಯಾಸ ನಮಗೆಲ್ಲ ಇದೆ, ಅದು ಬೇಡ. ಆ ಕಾಯುವುದು ಅಜ್ಜಿಗೆ ಮೊದಮೊದಲು ಆಗುತ್ತಿರಲಿಲ್ಲ. ‘ಒಂದು, ಎರಡು, ಮೂರು’ ಅಂತ ಅಕ್ಕ ಪಕ್ಕದಲ್ಲಿ ಎಣಿಸುತ್ತಿದ್ದಳು. ಕೆಲವು ತುತ್ತಿಗೆ ಹತ್ತರವರೆಗೂ ಎಣಿಸಬೇಕಾಗುತ್ತಿತ್ತು.

ಮೈಸೂರು, ಮತ್ತು ಆ ಎಕ್ಸ್‌ರೇ ವಿಡಿಯೋ

ನಾನು ಶಿಕ್ಷಕಿ, ಡಾಕ್ಟರ್ ಅಲ್ಲ. ಕೂರಿಸುವುದನ್ನು ಸರಿ ಮಾಡಬಲ್ಲೆ, ಗಂಟಲ ಒಳಗೆ ಏನಾಗುತ್ತಿದೆ ಅಂತ ಹೇಳಲಾರೆ. ಕೆಮ್ಮು ಕಡಿಮೆಯಾಗಿತ್ತು. ಹಾಗಂತ ನಂಬಿ ಕೂರುವ ಹಾಗಿರಲಿಲ್ಲ. ಏಕೆಂದರೆ ಕೆಲವು ಮಕ್ಕಳಿಗೆ ಊಟ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಅದು ಇನ್ನೂ ಅಪಾಯ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಅಂದಾಗ ಅಪ್ಪ ಕೇಳಿದರು, “ಅದು ಮಾತು ಬರದೋರು, ಕಿವಿ ಕೇಳದೋರು ಹೋಗೋ ಜಾಗ ಅಲ್ವಾ ಮೇಡಂ? ಇವನಿಗೆ ಊಟದ್ದು ತಾನೇ?” ತುಂಬ ಜನ ಕೇಳುವ ಪ್ರಶ್ನೆ ಇದು. ಮಾತಾಡುವುದಕ್ಕೂ ನುಂಗುವುದಕ್ಕೂ ಬೇಕಾಗುವುದು ಅದೇ ನಾಲಿಗೆ, ಅದೇ ತುಟಿ, ಅದೇ ಗಂಟಲು. ಹಾಗಾಗಿ ನುಂಗುವ ತೊಂದರೆ ನೋಡುವುದೂ ಸ್ಪೀಚ್ ಥೆರಪಿಯವರ ಕೆಲಸವೇ. ಅರಸೀಕೆರೆಗೆ ಬಸ್ಸಲ್ಲಿ ಹೋಗಿ, ಅಲ್ಲಿಂದ ಹಾಸನದ ಮೇಲೆ ಮೈಸೂರಿಗೆ ಹೋಗುವ ರೈಲು ಹತ್ತಿದರು. ಜೊತೆಗೆ ಅವನ ಚಮಚ, ಬಟ್ಟಲು, ಮತ್ತು ಮನೆಯಲ್ಲಿ ಅವನು ಊಟ ಮಾಡುವುದನ್ನು ಅಕ್ಕ ಮೊಬೈಲಲ್ಲಿ ತೆಗೆದ ವಿಡಿಯೋ. ಈ ವಿಡಿಯೋ ತಗೊಂಡು ಹೋಗುವುದನ್ನು ಮಾತ್ರ ಯಾರೂ ಮರೆಯಬೇಡಿ. ಹೊಸ ಜಾಗದಲ್ಲಿ ಮಗು ಅಳುತ್ತದೆ, ತಿನ್ನುವುದಿಲ್ಲ, ತೋರಿಸಬೇಕಾದದ್ದು ತೋರಿಸಲು ಆಗದೆ ವಾಪಸ್ ಬರುವ ಹಾಗಾಗುತ್ತದೆ.

ಆಮೇಲೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ನುಂಗುವುದರ ಎಕ್ಸ್‌ರೇ ವಿಡಿಯೋ ಮಾಡಿಸಿದರು. ಊಟಕ್ಕೆ ಬೇರಿಯಂ ಅನ್ನುವ ಬಿಳಿ ಹಿಟ್ಟು ಬೆರೆಸಿ ತಿನ್ನಿಸುತ್ತಾರೆ, ಅದು ಗಂಟಲಲ್ಲಿ ಇಳಿಯುವ ದಾರಿ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಅಮ್ಮ ನನಗೆ ಹೇಳಿದ್ದು ಹೀಗೆ: “ಮಂದ ಇರೋದು ಕೊಟ್ಟಾಗ ಉಂಡೆ ಥರ ಹಿಂದುಗಡೆ ಕೊಳವೆಗೆ ಹೋಯ್ತು ಮೇಡಂ. ಆಮೇಲೆ ನೀರು ಥರದ್ದು ಕೊಟ್ಟರು. ಒಂದು ಕಪ್ಪು ಗೆರೆ ಮುಂದಗಡೆ ಕೊಳವೆಗೆ ಇಳೀತು. ಇವನು ಕೆಮ್ಮಲೇ ಇಲ್ಲ. ನನ್ನ ಮುಖ ನೋಡ್ಕೊಂಡು ನಗ್ತಾ ಇದ್ದ.” ಹಿಂದಿನದು ಅನ್ನದ ಕೊಳವೆ, ಮುಂದಿನದು ಉಸಿರಿನದು. ಅಮ್ಮನ ಮಾತು ಅಲ್ಲಿಗೆ ನಿಂತಿತು. ಆರು ವರ್ಷ ದಿನಾ ನೀರು, ಹಾಲು, ಗಂಜಿ ಕುಡಿಸಿದ್ದು ಅವರ ಕಣ್ಣ ಮುಂದೆ ಬಂದಿರಬೇಕು.

ಇನ್ನೊಂದು ವಿಷಯವೂ ಅಲ್ಲೇ ಬಯಲಾಯಿತು. ಫಿಟ್ಸ್ ಔಷಧಿ ಕೊಟ್ಟ ಅರ್ಧ ಗಂಟೆಗೆ ಬೆಳಗಿನ ತಿಂಡಿ ಕೊಡುತ್ತಿದ್ದರು. ಆ ಹೊತ್ತಿಗೆ ಹುಡುಗ ಮಂಪರಿನಲ್ಲಿ ಇರುತ್ತಿದ್ದ. ಮಂಪರಿನಲ್ಲಿ ಇರುವ ಮಗುವಿಗೆ ಬಾಯಿಗೆ ಏನೂ ಹಾಕಬಾರದು. ನರರೋಗದ ಡಾಕ್ಟರು ಔಷಧಿಯ ಹೊತ್ತು ಬದಲಿಸಿಕೊಟ್ಟರು. ದಯವಿಟ್ಟು ಇದನ್ನು ಓದಿ ನೀವೇ ಬದಲಿಸಿಕೊಳ್ಳಬೇಡಿ. ಫಿಟ್ಸ್ ಔಷಧಿಯನ್ನು ಡಾಕ್ಟರನ್ನು ಕೇಳದೆ ಒಂದು ಹೊತ್ತು ತಪ್ಪಿಸಿದರೂ ಫಿಟ್ಸ್ ತಿರುಗಿ ಬರಬಹುದು.

ತಟ್ಟೆಯಲ್ಲಿ ಏನು

ನಮ್ಮ ಕಡೆಯ ಅನ್ನ ಸಾರು ಇಂಥ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ ಊಟ. ಅದರಲ್ಲಿ ನೀರೂ ಇದೆ, ಅಗುಳೂ ಇದೆ. ನಾಲಿಗೆ ಅಗುಳನ್ನು ಹಿಡಿದುಕೊಳ್ಳುವಷ್ಟರಲ್ಲಿ ನೀರು ಮುಂದೆ ಹೋಗಿಬಿಟ್ಟಿರುತ್ತದೆ. ಬೇಕಾದದ್ದು ಒಂದೇ ಹದ, ಗಂಟಿಲ್ಲದ್ದು. ಚಮಚ ಓರೆ ಮಾಡಿದರೆ ಒಂದು ಮುದ್ದೆಯಾಗಿ ಜಾರಿ ಬೀಳಬೇಕು. ಸುರಿಯಬಾರದು, ಅಂಟಿಕೊಂಡೂ ಕೂರಬಾರದು.

ಇದಕ್ಕೆ ಪೇಟೆಯಿಂದ ಏನೂ ತರಬೇಕಾಗಲಿಲ್ಲ. ಮಂದವಾಗಿ ಕಾಯಿಸಿದ ರಾಗಿ ಸರಿ. ಬೇಳೆ ಮತ್ತು ಅನ್ನವನ್ನು ಮೆತ್ತಗೆ ಬೇಯಿಸಿ ಮಸೆದದ್ದು. ಪುಟ್ಟಬಾಳೆ ಕಿವುಚಿದ್ದು. ಗಟ್ಟಿ ಮೊಸರು. ಬೇಯಿಸಿದ ಮೊಟ್ಟೆಯನ್ನು ಬೇಳೆಯ ಜೊತೆ ರುಬ್ಬಿದ್ದು. ಹೊಟ್ಟೆಗೆ ಹೋಗುವುದೇ ಸ್ವಲ್ಪ, ಆ ಸ್ವಲ್ಪದಲ್ಲೇ ಶಕ್ತಿ ಇರಬೇಕು. ಅದಕ್ಕೆ ಪ್ರತಿ ಬಟ್ಟಲಿಗೆ ಒಂದು ಟೀ ಚಮಚ ತುಪ್ಪ ಅಥವಾ ಕೊಬ್ಬರಿ ಎಣ್ಣೆ. ಒಂದು ಟೀ ಚಮಚ ಅಂದರೆ ಸುಮಾರು 45 ಕ್ಯಾಲರಿ, ದಿನದ ಎಲ್ಲ ಹೊತ್ತಿಗೂ ಸೇರಿದರೆ ಚಿಕ್ಕದೇನಲ್ಲ. ಕೊಬ್ಬರಿ ಎಣ್ಣೆ ಮನೆಯದ್ದೇ. ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ, ಒಂದೊಂದೂ ಅರ್ಧ ಗಂಟೆಗಿಂತ ಜಾಸ್ತಿ ಇಲ್ಲ. ಅರ್ಧ ಗಂಟೆ ದಾಟಿದರೆ ಮಗು ದಣಿಯುತ್ತದೆ, ದಣಿದ ಗಂಟಲು ತಪ್ಪು ಮಾಡುತ್ತದೆ. ಊಟ ಆದ ಮೇಲೆ ಇನ್ನೂ ಅರ್ಧ ಗಂಟೆ ಕೂತೇ ಇರಬೇಕು.

ನೀರು ಕೊನೆಯವರೆಗೂ ತಲೆನೋವಾಗಿತ್ತು. ತೆಳು ನೀರು ಬೇಡ ಅಂದಿದ್ದರು, ಆದರೆ ನೀರು ಕಡಿಮೆಯಾದರೆ ಮಲಬದ್ಧತೆ, ಮಲಬದ್ಧತೆಯಾದರೆ ಹಸಿವೇ ಇಲ್ಲ. ಕೊನೆಗೆ ಥೆರಪಿಸ್ಟ್ ಹೇಳಿದ ಹದಕ್ಕೆ ರಾಗಿ ಹಿಟ್ಟು ಕಾಯಿಸಿ ಅಂಬಲಿಯನ್ನು ಮಂದ ಮಾಡಿ, ಲೋಟದಲ್ಲಿ ಕೊಡಲು ಶುರು ಮಾಡಿದರು. ಆ ಲೋಟ ನೋಡಬೇಕು ನೀವು. ಮೆತ್ತಗಿನ ಪ್ಲಾಸ್ಟಿಕ್ ಲೋಟ, ಒಂದು ಬದಿಯಲ್ಲಿ ಮೂಗಿಗೆ ಜಾಗ ಆಗುವಂತೆ ಅರ್ಧಚಂದ್ರದ ಹಾಗೆ ಕತ್ತರಿಸಿದ್ದು. ಮಾಮೂಲಿ ಲೋಟದಲ್ಲಿ ಕೊನೆಯ ಗುಟುಕು ಕುಡಿಯಲು ಲೋಟದ ಅಂಚು ಮೂಗಿಗೆ ತಾಗುತ್ತದೆ, ಆಗ ತಲೆ ಎತ್ತಲೇಬೇಕು. ಕತ್ತರಿಸಿದ ಲೋಟದಲ್ಲಿ ಆ ಗೋಜಿಲ್ಲ. ಅಪ್ಪ ಕತ್ತರಿಯಲ್ಲಿ ಕತ್ತರಿಸಿ, ಅಂಚು ಚುಚ್ಚದಂತೆ ಉಪ್ಪುಕಾಗದದಲ್ಲಿ ಉಜ್ಜಿ, ತಮ್ಮ ತುಟಿಗೇ ಸವರಿ ನೋಡಿದರು. ಒಂದಲ್ಲ, ಆರು ಮಾಡಿಟ್ಟಿದ್ದಾರೆ.

ಇಷ್ಟೂ ಪುಟ್ಟನಿಗೆ ಸರಿಹೋದದ್ದು. ನಿಮ್ಮ ಮಗುವಿಗೆ ಮಂದದ್ದೇ ಕಷ್ಟ ಇರಬಹುದು, ಹದ ಬೇರೆ ಇರಬಹುದು. ತೋರಿಸದೆ ನಕಲು ಮಾಡಬೇಡಿ. ಊಟದ ಹೊತ್ತಲ್ಲಿ ಕೆಮ್ಮು, ದನಿ ಒದ್ದೆಯಾದಂತೆ ಕೇಳುವುದು, ಉಸಿರು ಜೋರಾಗುವುದು, ಕಾರಣ ಗೊತ್ತಾಗದೆ ಮತ್ತೆ ಮತ್ತೆ ಜ್ವರ ಬರುವುದು, ಇವು ಕಂಡರೆ ತಡ ಮಾಡಬೇಡಿ. ತುಟಿ ನೀಲಿಯಾದರೆ ಅದು ತುರ್ತು, ಆ ಗಳಿಗೆಯಲ್ಲೇ ಊಟ ನಿಲ್ಲಿಸಿ ಆಸ್ಪತ್ರೆಗೆ ಓಡಿ.

ಕಾಗದಪತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪುಟ್ಟನಿಗೆ ಯು.ಡಿ.ಐ.ಡಿ. ಕಾರ್ಡು (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮೊದಲೇ ಆಗಿತ್ತು, 80 ಶೇಕಡಾ ಅಥವಾ ಜಾಸ್ತಿ ವಿಕಲತೆ ಇರುವವರಿಗೆ ಕೊಡುವ ನೀಲಿ ಕಾರ್ಡು. ನಿರಾಮಯ ವಿಮೆ ಮಾತ್ರ ಗೊತ್ತೇ ಇರಲಿಲ್ಲ. 1999ರ ಕಾಯ್ದೆಯಿಂದ ಬಂದ ನ್ಯಾಷನಲ್ ಟ್ರಸ್ಟ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ ಆರೋಗ್ಯ ವಿಮೆ ಅದು. ಆಟಿಸಂ, ಸಿ.ಪಿ., ಬುದ್ಧಿಯ ಬೆಳವಣಿಗೆಯ ತೊಂದರೆ, ಒಂದಕ್ಕಿಂತ ಹೆಚ್ಚು ವಿಕಲತೆ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಸ್ಪತ್ರೆ ಸೇರದೆ ಮಾಡಿಸುವ ಥೆರಪಿಗೂ ಒಂದು ಮಿತಿಯೊಳಗೆ ಹಣ ಬರುತ್ತದೆ. ರಸೀದಿ ಒಂದನ್ನೂ ಬಿಸಾಡಬೇಡಿ. ಶಾಲೆಯ ದಾಖಲಾತಿಯನ್ನೂ ಬಿಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ 40 ಶೇಕಡಾ ಅಥವಾ ಜಾಸ್ತಿ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಮನೆಯಲ್ಲೇ ಇರುವ ಮಗುವಿನ ಹೆಸರೂ ಶಾಲೆಯಲ್ಲಿ ಇರಲಿ.

ಹತ್ತು ತಿಂಗಳ ಮೇಲೆ

ಹತ್ತು ತಿಂಗಳಿಗೆ ತೂಕ 13.6 ಕೆಜಿ. ನ್ಯುಮೋನಿಯಾ ಒಂದು ಸಲ ಬಂತು, ಚಳಿಗಾಲದಲ್ಲಿ. ಊಟಕ್ಕೆ 30 ನಿಮಿಷ. ಕೆಮ್ಮು ಎಣಿಸುವುದನ್ನು ನಾನು ಬಿಟ್ಟಿಲ್ಲ, ಕಳೆದ ಭೇಟಿಯಲ್ಲಿ ಎರಡು.

ಎಲ್ಲ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. 13.6 ಕೆಜಿ ಈಗಲೂ ಕಡಿಮೆಯೇ. ಇದೇ ಮಟ್ಟದಲ್ಲಿ ನಿಂತುಬಿಟ್ಟರೆ ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕುವ ಬಗ್ಗೆ ಯೋಚಿಸಬೇಕಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿ ಅಮ್ಮ ಮೂರು ದಿನ ಸರಿಯಾಗಿ ಮಲಗಿಲ್ಲ. “ಅಷ್ಟು ಕಷ್ಟಪಟ್ಟಿದ್ದೆಲ್ಲ ಸೋತ ಹಾಗಾಯ್ತಲ್ಲ ಮೇಡಂ” ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಟ್ಯೂಬ್ ಹಾಕಿಸಿಕೊಂಡ ಮಕ್ಕಳ ಮನೆಗೂ ನಾನು ಹೋಗುತ್ತೇನೆ. ನೀರು, ಔಷಧಿ ಅದರಲ್ಲಿ ಹೋಗುತ್ತದೆ, ಡಾಕ್ಟರು ಒಪ್ಪಿದರೆ ಬಾಯಿಗೆ ರುಚಿಗೆ ಅಂತ ನಾಲ್ಕು ಚಮಚ ಕೊಡುತ್ತಾರೆ, ಊಟದ ಹೊತ್ತು ಅಂದರೆ ಮನೆಯಲ್ಲಿ ಯಾರಿಗೂ ಭಯ ಇರುವುದಿಲ್ಲ. ಆದರೆ ನಿರ್ಧಾರ ಅವರದ್ದು. ಟ್ಯೂಬ್ ಇರುವ ಒಂದು ಮಗುವಿನ ಮನೆಗೆ ಅವರನ್ನು ಮುಂದಿನ ತಿಂಗಳು ಕರೆದುಕೊಂಡು ಹೋಗುತ್ತಿದ್ದೇನೆ, ನೋಡಿ ಬರಲಿ.

ಒಳಲೆಯನ್ನು ಅಜ್ಜಿ ಹುಣಸೆಹಣ್ಣು ಹಾಕಿ ತೊಳೆದು ದೇವರ ಗೂಡಲ್ಲಿ ಇಟ್ಟಿದ್ದಾರೆ. ಮಧ್ಯಾಹ್ನದ ಊಟ ಈಗಲೂ ಅವರದ್ದೇ ಪಾಳಿ. ಮಣೆ ಮೇಲೆ ಕೂತರೆ ಮಂಡಿ ನೋವು ಅಂತ ಅಪ್ಪ ಅವರಿಗೊಂದು ಮೋಟು ಸ್ಟೂಲು ಮಾಡಿಸಿಕೊಟ್ಟಿದ್ದಾರೆ, ಪುಟ್ಟನ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ರಾತ್ರಿ ಊಟ ಅಕ್ಕನದು, ಆದರೆ ದಿನಾ ಬೇಡ, ಅವಳಿಗೂ ಓದು ಆಟ ಇದೆ ಅಂತ ನಾನೇ ಜಗಳ ಮಾಡಿ ವಾರಕ್ಕೆ ಎರಡು ದಿನ ಅಂತ ಮಾಡಿಸಿದ್ದೇನೆ.

ಮೊನ್ನೆ ಹೋದಾಗ ಸೀಟು ಮತ್ತೆ ಅಳೆದೆ. ಮಂಡಿಯ ಹಿಂದೆ ಎರಡು ಬೆರಳು ಇರಬೇಕಾದ ಕಡೆ ಈಗ ನಾಲ್ಕು ಬೆರಳು ಹಿಡಿಸುತ್ತದೆ, ಪಾದದ ಹಲಗೆಯನ್ನೂ ಒಂದು ಇಂಚು ಇಳಿಸಬೇಕು. ಆಚಾರ್ರಿಗೆ ಫೋನ್ ಮಾಡಿದೆ. ಹಬ್ಬ ಕಳೆದು ಬರ್ತೀನಿ ಮೇಡಂ, ಈ ಸಲ ಕೊಯ್ಯುವಾಗ ನೀವು ಪಕ್ಕದಲ್ಲೇ ನಿಂತ್ಕೊಳ್ಳಿ ಅಂದರು.